ಜೀವಿಗಳ ಹೆಸರುಗಳೂ ವಿಶ್ವಕೋಶದ ಶೀರ್ಷಿಕೆಗಳೂ

೧

ವಿಶ್ವಕೋಶದಲ್ಲಿ ಒಂದು ಲೇಖನಕ್ಕೆ ಒಂದೇ ಶೀರ್ಷಿಕೆ ಇರತಕ್ಕದ್ದು. ಲೋಕವ್ಯವಹಾರದಲ್ಲಿಯಾದರೋ ಒಂದು ಜೀವಿಗೆ ಹಲವು ಹೆಸರುಗಳಿರುತ್ತವೆ. ಈ ಎರಡು ಸಂಗತಿಗಳಿಗಿರುವ ವಿರೋಧವು ಇಂದು ನಿನ್ನೆಯದಲ್ಲ. ನಿಘಂಟುಕಾರರೂ ವೈದ್ಯರೂ ಸಸ್ಯಶಾಸ್ತ್ರಜ್ಞರೂ ತಮ್ಮ ತಮ್ಮ ಕಾಲದಲ್ಲಿ ಇದನ್ನು ಎದುರಿಸಿ, ತಮಗೆ ಯುಕ್ತವಾಗಿ ತೋರಿದ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ೨೦೦೧ನೆಯ ಇಸವಿ ಜನವರಿ ೧೫ರಂದು ಆರಂಭವಾದ ವಿಕಿಪೀಡಿಯವೆಂಬ ಅಂತರಜಾಲದ ವಿಶ್ವಕೋಶದಲ್ಲಿ ಇದೇ ಪ್ರಶ್ನೆಯು ಹೊಸ ರೂಪವನ್ನು ತಾಳಿತು. ಅಲ್ಲಿ ಲೇಖನಗಳನ್ನು ಬರೆಯುವವರು ನಿಯಮಿತರಾದ ಪಂಡಿತರಲ್ಲ, ಇಚ್ಛೆಯುಳ್ಳ ಯಾರಾದರೂ ಬರೆಯಬಹುದು, ತಿದ್ದಬಹುದು. ಆದಕಾರಣ ಯಾವ ಮರದ ಲೇಖನವು ಯಾವ ಹೆಸರಿನ ಕೆಳಗೆ ಇರಬೇಕೆಂಬುದನ್ನು ಒಬ್ಬ ಸಂಪಾದಕನ ಅಪ್ಪಣೆಯಿಂದ ತೀರ್ಮಾನಿಸುವುದು ಸಾಧ್ಯವಾಗದೆ, ದೀರ್ಘವಾದ ವಾದವಿವಾದಗಳ ಮೂಲಕ ನಿಯಮಗಳನ್ನು ಕಟ್ಟಿಕೊಳ್ಳಬೇಕಾಯಿತು.

ಈ ವಿಷಯದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಜೀವಿಯನ್ನು ಯಾವುದರ ಪಕ್ಕದಲ್ಲಿ ಇಡಬೇಕೆಂಬುದು ಒಂದು. ಅದನ್ನು ಏನೆಂದು ಕರೆಯಬೇಕೆಂಬುದು ಇನ್ನೊಂದು. ಮೊದಲನೆಯದು ವರ್ಗೀಕರಣ, ಎರಡನೆಯದು ನಾಮಕರಣ. ಇವೆರಡನ್ನೂ ಒಂದೇ ಉಪಾಯದಿಂದ ಸಾಧಿಸಲು ಹೊರಟಾಗಲೆಲ್ಲ ಗೊಂದಲವುಂಟಾಗಿರುವುದೂ, ಎರಡನ್ನೂ ಬಿಡಿಸಿ ನೋಡಿದಾಗಲೆಲ್ಲ ದಾರಿ ಸುಗಮವಾಗಿರುವುದೂ ಇತಿಹಾಸದಿಂದ ಸ್ಪಷ್ಟಪಡುತ್ತದೆ. ಈ ಇತಿಹಾಸದ ಆರಂಭದ ಅಧ್ಯಾಯಗಳು ಭಾರತೀಯರಿಗೆ ಅಪರಿಚಿತವಲ್ಲ.

೨

ಅಮರಸಿಂಹನ ನಾಮಲಿಂಗಾನುಶಾಸನವು ಅಕಾರಾದಿ ಕ್ರಮದಲ್ಲಿ ರಚಿತವಾದ ಗ್ರಂಥವಲ್ಲ; ವಸ್ತುಗಳ ಸಂಬಂಧವನ್ನು ಅನುಸರಿಸಿ ವರ್ಗವರ್ಗವಾಗಿ ವಿಂಗಡಿಸಿದ್ದು. ಗಿಡಮರಗಳು ವನೌಷಧಿವರ್ಗದಲ್ಲಿವೆ. ಸಿಂಹ ವ್ಯಾಘ್ರಾದಿ ಮೃಗಗಳೂ ಪಕ್ಷಿಗಳೂ ಸಿಂಹಾದಿವರ್ಗಕ್ಕೆ ಸೇರಿವೆ. ಮೀನು, ಕಪ್ಪೆ, ತಾವರೆ ಇವು ನೀರಿನ ಸಂಬಂಧದಿಂದ ವಾರಿವರ್ಗದಲ್ಲಿ ಒಟ್ಟಾಗಿವೆ. ಆನೆ ಕುದುರೆಗಳು ಕ್ಷತ್ರಿಯವರ್ಗದಲ್ಲಿಯೂ ದನಕರುಗಳು ವೈಶ್ಯವರ್ಗದಲ್ಲಿಯೂ ಬರುತ್ತವೆ. ಇದರಿಂದ ವ್ಯಕ್ತವಾಗುವುದೇನೆಂದರೆ, ಜೀವಿಯ ಅಂಗರಚನೆಯಲ್ಲ, ಅದು ಎಲ್ಲಿರುತ್ತದೆ, ಯಾರ ಬಳಕೆಯಲ್ಲಿದೆ ಎಂಬುದೇ ಇಲ್ಲಿಯ ವರ್ಗೀಕರಣಕ್ಕೆ ಆಧಾರ. ಓದುವವನಿಗೆ ಮೊದಲೇ ತಿಳಿದಿರುವ ಲೋಕದ ಕ್ರಮದಲ್ಲಿಯೇ ಹೆಸರುಗಳನ್ನು ಜೋಡಿಸಿದರೆ ಕಂಠಪಾಠಕ್ಕೂ ಅನುಕೂಲವಷ್ಟೆ.

ನಾಮಕರಣದ ವಿಷಯದಲ್ಲಿ ಈ ಸಂಪ್ರದಾಯವು ತೋರಿಸಿದ ವಿವೇಕವು ಇನ್ನೂ ಹೆಚ್ಚಿನದು. ಒಂದು ವಸ್ತುವಿಗೆ ಅನೇಕ ಹೆಸರುಗಳಿರುವುದು ಒಂದು ಬಗೆಯ ತೊಡಕು. ಒಂದೇ ಹೆಸರು ಅನೇಕ ವಸ್ತುಗಳಿಗೆ ಸಲ್ಲುವುದು ಅದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ತೊಡಕು. ಮೊದಲನೆಯದಕ್ಕೆ ನಿಘಂಟುಕಾರರು ಪರ್ಯಾಯಪದಗಳ ಪಟ್ಟಿಯನ್ನು ಕೊಟ್ಟರು. ಎರಡನೆಯದಕ್ಕೆ ನಾನಾರ್ಥವೆಂಬ ಪ್ರತ್ಯೇಕ ವಿಭಾಗವನ್ನೇ ಮಾಡಿದರು. ಅಶ್ವತ್ಥಕ್ಕೆ ಪಿಪ್ಪಲ, ಬೋಧಿದ್ರುಮ, ಚಲದಲ ಮುಂತಾದ ಹೆಸರುಗಳುಂಟು. ಎಲೆಯು ಸದಾ ಅಲುಗಾಡುವುದರಿಂದ ಚಲದಲ, ಬುದ್ಧನ ಬೋಧಿಯ ಸಂಬಂಧದಿಂದ ಬೋಧಿದ್ರುಮ. ಇವುಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದುಹಾಕಿದರೆ ಹೆಸರುಗಳಲ್ಲಿ ಹುದುಗಿರುವ ತಿಳಿವಳಿಕೆಯೂ ಅವುಗಳೊಡನೆಯೇ ಹೋಗುತ್ತದೆ. ಇದಕ್ಕೆ ಪ್ರತಿಯಾಗಿ ಹರಿ ಎಂಬ ಒಂದೇ ಶಬ್ದವು ಸಿಂಹ, ಕಪಿ, ಕುದುರೆ, ಹಾವು, ಗಿಳಿ, ಕಪ್ಪೆ ಇವೆಲ್ಲಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಎರಡನೆಯ ನಾಗವರ್ಮನ ಅಭಿಧಾನವಸ್ತುಕೋಶವೂ ಈ ಮಾರ್ಗದಲ್ಲಿಯೇ ನಡೆದುದು.

ಆದರೆ ಈ ಕ್ರಮಕ್ಕೆ ಒಂದು ಮುಖ್ಯವಾದ ಕೊರತೆಯಿತ್ತು. ಹೆಸರನ್ನು ಹೆಸರಿನಿಂದಲೇ ವಿವರಿಸಿದ್ದರಿಂದ, ವಸ್ತುವನ್ನು ಕಣ್ಣಾರೆ ತೋರಿಸುವ ಗುರುವಿಲ್ಲದೆ ಹೋದಲ್ಲಿ ಇಡೀ ಪಟ್ಟಿಯು ಆಧಾರ ತಪ್ಪುವ ಸಂಭವವಿತ್ತು. ಶಂಖಪುಷ್ಪಿ ಎಂಬ ಹೆಸರಿನಲ್ಲಿ ಇಂದಿಗೂ ಒಂದೊಂದು ಪ್ರಾಂತದ ವೈದ್ಯರು ಒಂದೊಂದು ಗಿಡವನ್ನು ಬಳಸುವುದುಂಟು. ಒಂದು ಕಡೆ ನೆಲದಲ್ಲಿ ಹಬ್ಬುವ ಸಣ್ಣ ಹೂವಿನ ಗಿಡ, ಇನ್ನೊಂದು ಕಡೆ ಗಿರಿಕರ್ಣಿಕೆಯ ಬಳ್ಳಿ. ಔಷಧದ ವಿಷಯದಲ್ಲಿ ಇಂಥ ಸಂದೇಹವು ಕೇವಲ ಶಬ್ದಚರ್ಚೆಯಾಗಿ ನಿಲ್ಲುವುದಿಲ್ಲ. ಚೀನ ದೇಶದಲ್ಲಿ ಲೀ ಷಿಜೆನ್ ಎಂಬ ವೈದ್ಯನು ರಚಿಸಿ, ಅವನ ಮರಣಾನಂತರ ೧೫೯೬ರಲ್ಲಿ ಪ್ರಕಟವಾದ ಮಹಾ ಔಷಧಗ್ರಂಥದಲ್ಲಿ ೧,೮೯೨ ಔಷಧಗಳ ವಿಚಾರವಿದ್ದು, ಹೆಸರುಗಳ ನಿರ್ಣಯಕ್ಕೆಂದು ಪ್ರತ್ಯೇಕ ಭಾಗವನ್ನಿಟ್ಟಿರುವುದಕ್ಕೆ ಇದೇ ಭಯವು ಕಾರಣವೆಂದು ತಿಳಿಯಬಹುದು.

೩

ಯೂರೋಪಿನಲ್ಲಿ ಹದಿನೆಂಟನೆಯ ಶತಮಾನದ ಮೊದಲ ಭಾಗದವರೆಗೆ ವಿದ್ವಾಂಸರು ಸಸ್ಯಕ್ಕೆ ಕೊಡುತ್ತಿದ್ದ ಲ್ಯಾಟಿನ್ ಹೆಸರು ವಾಸ್ತವವಾಗಿ ಒಂದು ಸಣ್ಣ ವರ್ಣನೆಯೇ ಆಗಿತ್ತು. ಕಾಂಡ ಹೇಗಿದೆ, ಎಲೆಯ ಅಂಚು ಹೇಗಿದೆ, ಹೂವು ಎಲ್ಲಿ ಬಿಡುತ್ತದೆ ಎಂಬ ಲಕ್ಷಣಗಳನ್ನೆಲ್ಲ ಹೆಸರಿನಲ್ಲಿಯೇ ತುಂಬುತ್ತಿದ್ದರು. ಹೊಸದಾಗಿ ಹತ್ತಿರದ ಇನ್ನೊಂದು ಸಸ್ಯವು ದೊರೆತರೆ, ಅದರಿಂದ ಇದನ್ನು ಬೇರ್ಪಡಿಸಲು ಹಳೆಯ ಹೆಸರಿಗೆ ಮತ್ತೆರಡು ವಿಶೇಷಣಗಳು ಸೇರುತ್ತಿದ್ದುವು. ಹೆಸರೂ ಲಕ್ಷಣವೂ ಒಂದೇ ಆಗಿದ್ದುದರಿಂದ, ಲಕ್ಷಣದ ತಿಳಿವಳಿಕೆ ಬೆಳೆದಂತೆಲ್ಲ ಹೆಸರು ಬದಲಾಗದೆ ಗತಿಯಿರಲಿಲ್ಲ.

ಸ್ವೀಡನ್ನಿನ ಲಿನೇಯಸನು ಈ ಗಂಟನ್ನು ಬಿಡಿಸಿದ ಬಗೆಯು ಗಮನಾರ್ಹವಾಗಿದೆ. ದನಕರುಗಳು ಯಾವ ಯಾವ ಗಿಡಗಳನ್ನು ಮೇಯುತ್ತವೆಂಬುದನ್ನು ಕುರಿತು ೧೭೪೯ರಲ್ಲಿ ಅವನ ಶಿಷ್ಯನೊಬ್ಬನ ಹೆಸರಿನಲ್ಲಿ ಹೊರಟ ಪ್ರಬಂಧದಲ್ಲಿ, ನೂರಾರು ಸಸ್ಯಗಳನ್ನು ಮತ್ತೆ ಮತ್ತೆ ಹೇಳಬೇಕಾಗಿದ್ದುದರಿಂದ, ಉದ್ದನೆಯ ಹೆಸರುಗಳಿಗೆ ಬದಲಾಗಿ ಎರಡೇ ಪದಗಳ ಚಿಕ್ಕ ಹೆಸರುಗಳನ್ನು ಬಳಸಲಾಯಿತು. ಸುಮಾರು ಆರು ಸಾವಿರ ಸಸ್ಯಪ್ರಭೇದಗಳನ್ನು ವಿವರಿಸುವ ಅವನ ಮಹಾಗ್ರಂಥವು ೧೭೫೩ರಲ್ಲಿ ಪ್ರಕಟವಾದಾಗ, ಅದರಲ್ಲಿಯೂ ಹಳೆಯ ಪದ್ಧತಿಯ ದೀರ್ಘ ಹೆಸರೇ ಪ್ರಧಾನವಾಗಿ ಅಚ್ಚಾಗಿತ್ತು. ಒಂಟಿ ಪದದ ಪ್ರಭೇದನಾಮವು ಪುಟದ ಅಂಚಿನಲ್ಲಿ ನಿಂತಿತ್ತು. ಹುಡುಕುವವನ ಅನುಕೂಲಕ್ಕಾಗಿ ಅಂಚಿನಲ್ಲಿ ಬರೆದ ಗುರುತೇ ಕಾಲಕ್ರಮದಲ್ಲಿ ನಿಜವಾದ ಹೆಸರಾಯಿತು. ೧೭೫೮ರಲ್ಲಿ ಅವನು ಪ್ರಾಣಿಗಳಿಗೂ ಇದೇ ಕ್ರಮವನ್ನು ಅನ್ವಯಿಸಿದನು. ಇಂದಿಗೂ ಸಸ್ಯನಾಮಗಳ ಹಿರಿತನವನ್ನು ೧೭೫೩ರಿಂದಲೂ ಪ್ರಾಣಿನಾಮಗಳ ಹಿರಿತನವನ್ನು ೧೭೫೮ರಿಂದಲೂ ಎಣಿಸುವುದು ಶಾಸ್ತ್ರಮರ್ಯಾದೆ.

ಇಲ್ಲಿ ನಡೆದುದೇನೆಂದರೆ, ವರ್ಣನೆಯ ಭಾರವು ಹೆಸರಿನಿಂದ ಇಳಿದುಹೋಯಿತು. ಹೆಸರು ಇನ್ನು ಮೇಲೆ ವಸ್ತುವನ್ನು ವಿವರಿಸಬೇಕಾಗಿಲ್ಲ; ಅದನ್ನು ತೋರಿಸಿದರೆ ಸಾಕು. ಆದರೆ ಬಿಡುಗಡೆಯು ಪೂರ್ಣವಾಗಲಿಲ್ಲ. ಎರಡು ಪದಗಳಲ್ಲಿ ಮೊದಲನೆಯದು ಕುಲದ ಹೆಸರು. ಕುಲವೆಂಬುದು ವರ್ಗೀಕರಣಕ್ಕೆ ಸೇರಿದ್ದು. ಸಸ್ಯದ ಸಂಬಂಧವನ್ನು ಕುರಿತ ಅಭಿಪ್ರಾಯವು ಬದಲಾದರೆ ಅರ್ಧ ಹೆಸರು ಬದಲಾಗಲೇಬೇಕು. ಅಂಚಿನ ಗುರುತಿನಲ್ಲಿ ಉಳಿದುಹೋದ ಈ ಒಂದು ಎಳೆಯೇ ಇಂದಿನ ಅನೇಕ ತಂಟೆಗಳಿಗೆ ಮೂಲ.

ಅದೇ ಕಾಲದ ಫ್ರೆಂಚ್ ವಿದ್ವಾಂಸರು ಬೇರೆ ದಾರಿಯನ್ನು ಹಿಡಿದರು. ೧೭೪೯ರಿಂದ ತನ್ನ ಪ್ರಕೃತಿಚರಿತ್ರೆಯನ್ನು ಪ್ರಕಟಿಸತೊಡಗಿದ ಬ್ಯುಫೋನನು ಲಿನೇಯಸನ ವರ್ಗೀಕರಣವನ್ನು ಕೃತಕವೆಂದು ತಿರಸ್ಕರಿಸಿ, ಮನುಷ್ಯನಿಗೆ ಹತ್ತಿರವಾದ ಕುದುರೆ, ಕತ್ತೆ, ಎತ್ತು ಇವುಗಳಿಂದ ಪ್ರಾಣಿಗಳ ವಿವರಣೆಯನ್ನು ಆರಂಭಿಸಿದನು. ದನಕರುಗಳನ್ನು ವೈಶ್ಯವರ್ಗದಲ್ಲಿರಿಸಿದ ಅಮರಸಿಂಹನಿಗೂ ಈತನಿಗೂ ಈ ಒಂದು ಅಂಶದಲ್ಲಿ ಸಾಮ್ಯವುಂಟು. ದಿದೆರೋ ಮತ್ತು ದಾಲಂಬೇರರ ವಿಶ್ವಕೋಶವು ೧೭೫೧ರಲ್ಲಿ ಹೊರಡತೊಡಗಿ, ಅಕಾರಾದಿ ಕ್ರಮವನ್ನು ಅಂಗೀಕರಿಸಿತು. ಚದುರಿಹೋದ ವಿಷಯಗಳನ್ನು ಕೂಡಿಸಲು ಲೇಖನದಿಂದ ಲೇಖನಕ್ಕೆ ಪರಸ್ಪರ ಸೂಚನೆಗಳನ್ನು ಕೊಟ್ಟಿತು. ಅದರ ಮೊದಲನೆಯ ಸಂಪುಟದಲ್ಲಿಯೇ ಅಗುವಾಶಿಮ ಎಂಬ ಬ್ರೆಜಿಲ್ ದೇಶದ ಗಿಡದ ಮೇಲೆ ದಿದೆರೋವಿನ ಸಣ್ಣ ಲೇಖನವೊಂದಿದೆ. ಆ ಗಿಡದ ಹೆಸರು, ಅದು ಬೆಳೆಯುವ ಸ್ಥಳ ಇಷ್ಟರ ಹೊರತು ಗ್ರಂಥಗಳಲ್ಲಿ ಬೇರೇನೂ ದೊರೆಯದಿದ್ದುದರಿಂದ, ಇಂಥ ವಿವರಣೆಯಿಂದ ಆ ದೇಶದವರಿಗಾಗಲಿ ಈ ದೇಶದವರಿಗಾಗಲಿ ಪ್ರಯೋಜನವೇನೆಂದು ಅವನು ಬೇಸರದಿಂದ ಕೇಳುತ್ತಾನೆ. ಹೆಸರು ದೊರೆತ ಮಾತ್ರಕ್ಕೆ ವಸ್ತು ದೊರೆತಂತಾಗದೆಂಬುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನ ಬೇಕಿಲ್ಲ.

೪

ಲಿನೇಯಸನ ಹೆಸರುಗಳು ಶುದ್ಧ ಲ್ಯಾಟಿನ್ ಹೆಸರುಗಳೆಂಬ ಭಾವನೆಯೊಂದು ಸಾಮಾನ್ಯವಾಗಿ ಪ್ರಚಾರದಲ್ಲಿದೆ. ಇದು ಪೂರ್ಣವಾಗಿ ನಿಜವಲ್ಲ. ಮಲಬಾರಿನಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡನು ಅಲ್ಲಿಯ ಸಸ್ಯಗಳನ್ನು ಕುರಿತು ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಗ್ರಂಥವು ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ೧೨ ಸಂಪುಟಗಳಾಗಿ ಪ್ರಕಟವಾಯಿತು. ಏಳುನೂರಕ್ಕೂ ಮಿಕ್ಕ ಸಸ್ಯಗಳ ವಿವರಣೆ ಅದರಲ್ಲಿದೆ. ಅದಕ್ಕೆ ಆಧಾರವನ್ನೊದಗಿಸಿದವರು ಇಟ್ಟಿ ಅಚ್ಯುತನೆಂಬ ಮಲಯಾಳದ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ. ಗ್ರಂಥದಲ್ಲಿ ಸಸ್ಯಗಳ ಶೀರ್ಷಿಕೆಯಾಗಿ ನಿಂತಿರುವುದು ಮಲಯಾಳದ ಹೆಸರೇ; ಚಿತ್ರಗಳಲ್ಲಿ ರೋಮನ್, ಮಲಯಾಳ, ಅರಬ್ಬಿ, ನಾಗರೀ ಲಿಪಿಗಳಲ್ಲಿ ಹೆಸರುಗಳು ಕೆತ್ತಲ್ಪಟ್ಟಿವೆ. ಒಂದೇ ವಸ್ತುವಿನ ನಾಲ್ಕು ಹೆಸರುಗಳನ್ನು ಅದರ ಚಿತ್ರದೊಡನೆ ಒಂದೇ ಪುಟದಲ್ಲಿ ಇರಿಸಿದುದರಿಂದ, ನಿಘಂಟುಗಳ ಕೊರತೆಯು ಇಲ್ಲಿ ತಕ್ಕಮಟ್ಟಿಗೆ ನೀಗಿತು.

ಲಿನೇಯಸನು ಈ ಗ್ರಂಥವನ್ನು ಬಹಳವಾಗಿ ಬಳಸಿಕೊಂಡನು. ಬಸಳೆಯ ಕುಲಕ್ಕೆ ಸಲ್ಲುವ ಬಸೆಲ್ಲ ಎಂಬ ಶಾಸ್ತ್ರೀಯನಾಮವು ಈ ಕರಾವಳಿಯ ಹೆಸರೇ. ಹೊಂಗೆಯ ಚರಿತ್ರೆಯು ಇನ್ನೂ ಸ್ವಾರಸ್ಯವಾದುದು. ವಾನ್ ರೀಡನ ಗ್ರಂಥದಲ್ಲಿ ಅದು ಪೊಂಗಂ ಎಂದಿದೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವ ನಿಯಮವನ್ನು ಬಲ್ಲವರಿಗೆ, ಪೊಂಗಂ ಮತ್ತು ಹೊಂಗೆ ಒಡಹುಟ್ಟಿದ ಶಬ್ದಗಳೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞನಾದ ಅಡಾನ್ಸನನು ಈ ಶಬ್ದದಿಂದಲೇ ಕುಲದ ಹೆಸರನ್ನು ಮಾಡಿದನು, ಅದೇ ಪೊಂಗಾಮಿಯ. ಹೀಗಿರಲು, ದೇಶಭಾಷೆಯ ಹೆಸರೆಂದೂ ಶಾಸ್ತ್ರೀಯನಾಮವೆಂದೂ ಎರಡು ಪ್ರತ್ಯೇಕ ಕುಲಗಳನ್ನು ಕಲ್ಪಿಸಿ ಒಂದನ್ನು ಇನ್ನೊಂದರ ಮೇಲೆ ಕೂರಿಸುವುದು ಯುಕ್ತವಲ್ಲ.

ಆದರೆ ಶಾಸ್ತ್ರೀಯನಾಮವು ಸ್ಥಿರವಾಗಿ ನಿಂತಿತೇ ಎಂದರೆ ಅದೂ ಇಲ್ಲ. ಹೊಂಗೆಯನ್ನು ಲಿನೇಯಸನು ೧೭೫೩ರಲ್ಲಿ ಸೈಟಿಸಸ್ ಪಿನ್ನೇಟಸ್ ಎಂದು ಕರೆದಿದ್ದನು. ೧೮೯೯ರಲ್ಲಿ ಪಿಯೇರನು ಅದನ್ನು ಪೊಂಗಾಮಿಯ ಪಿನ್ನೇಟ ಎಂದನು. ಮಧ್ಯೆ ಡೆರಿಸ್ ಇಂಡಿಕವೆಂಬ ಹೆಸರೂ ಬಳಕೆಗೆ ಬಂದಿತು. ೧೯೮೯ರಲ್ಲಿ ಪಾಣಿಗ್ರಾಹಿಯವರು ಅದನ್ನು ಮಿಲೆಟಿಯ ಕುಲಕ್ಕೆ ಸೇರಿಸಿ ಮಿಲೆಟಿಯ ಪಿನ್ನೇಟ ಎಂದರು. ಈಚೆಗೆ ಪ್ರಮುಖ ಸಸ್ಯನಾಮಾವಳಿಗಳು ಪುನಃ ಪೊಂಗಾಮಿಯಕ್ಕೇ ಮರಳಿವೆ. ಇಷ್ಟೆಲ್ಲ ನಡೆಯುತ್ತಿದ್ದಾಗ ಹೊಂಗೆಯ ನೆರಳಿನಲ್ಲಿ ಕುಳಿತವರಿಗೆ ಅದು ಹೊಂಗೆಯಾಗಿಯೇ ಉಳಿದಿತ್ತು.

೫

ಇಂಗ್ಲಿಷ್ ವಿಕಿಪೀಡಿಯದ ಬರಹಗಾರರ ಮುಂದೆ ಬಂದುದು ಈ ಎಲ್ಲ ಪ್ರಶ್ನೆಗಳೂ ಕೂಡಿದ ರಾಶಿ. ಅವರು ಒಪ್ಪಿದ ಸಾಮಾನ್ಯ ನಿಯಮವೇನೆಂದರೆ, ನಂಬತಕ್ಕ ಸ್ವತಂತ್ರ ಆಧಾರಗಳಲ್ಲಿ ಯಾವ ಹೆಸರು ಹೆಚ್ಚಾಗಿ ಕಾಣುವುದೋ ಅದೇ ಶೀರ್ಷಿಕೆಯಾಗತಕ್ಕದ್ದು. ಪ್ರಾಣಿಗಳ ವಿಷಯದಲ್ಲಿ ಈ ನಿಯಮವು ಬಹುಮಟ್ಟಿಗೆ ನಡೆಯಿತು. ಸಿಂಹದ ಲೇಖನವು ಸಿಂಹವೆಂಬ ಸಾಮಾನ್ಯ ಹೆಸರಿನಲ್ಲಿಯೇ ಇದೆ. ಸಸ್ಯಗಳ ವಿಷಯದಲ್ಲಿ ಅದು ನಡೆಯಲಿಲ್ಲ. ಬಹುಪಾಲು ಸಸ್ಯಗಳಿಗೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲ. ಇರುವ ಹೆಸರುಗಳು ಊರೂರಿಗೆ ಬೇರೆ. ಆದಕಾರಣ ಸಸ್ಯಗಳಿಗೆ ಶಾಸ್ತ್ರೀಯನಾಮವೇ ಶೀರ್ಷಿಕೆಯೆಂದೂ, ಬೇಸಾಯ, ತೋಟಗಾರಿಕೆ, ವಾಣಿಜ್ಯ ಅಥವಾ ಸಂಸ್ಕೃತಿಯಲ್ಲಿ ಸಸ್ಯಶಾಸ್ತ್ರಕ್ಕಿಂತ ಹೆಚ್ಚಿನ ಪ್ರಸಿದ್ಧಿಯನ್ನು ಪಡೆದವುಗಳಿಗೆ ಮಾತ್ರ ಸಾಮಾನ್ಯನಾಮವೆಂದೂ ಗೊತ್ತುಮಾಡಿದರು. ಇದರ ಫಲವಾಗಿ ಅಕ್ಕಿಯೆಂಬ ಧಾನ್ಯಕ್ಕೆ ಒಂದು ಲೇಖನವೂ ಬತ್ತವೆಂಬ ಸಸ್ಯಪ್ರಭೇದಕ್ಕೆ ಇನ್ನೊಂದೂ, ಕಾಫಿಯೆಂಬ ಪಾನೀಯಕ್ಕೆ ಒಂದೂ ಕಾಫಿಗಿಡದ ಕುಲಕ್ಕೆ ಇನ್ನೊಂದೂ ಏರ್ಪಟ್ಟುವು. ಬತ್ತ, ಅಕ್ಕಿ, ಅನ್ನವೆಂದು ಹೊಲದಿಂದ ಎಲೆಯವರೆಗೆ ಹೆಸರು ಬದಲಾಯಿಸುವ ಕನ್ನಡಿಗರಿಗೆ ಈ ಭೇದವು ಸಹಜವಾಗಿಯೇ ತೋರುವುದು.

ಸಾಮಾನ್ಯನಾಮವನ್ನು ಆರಿಸಿದಲ್ಲಿಯೂ ತೊಡಕು ತಪ್ಪಲಿಲ್ಲ. ಬ್ರಿಟನ್ನಿನಲ್ಲಿ ಎಲ್ಕ್ ಎಂದರೆ ಒಂದು ಪ್ರಾಣಿ, ಉತ್ತರ ಅಮೆರಿಕದಲ್ಲಿ ಅದೇ ಹೆಸರಿನದು ಮತ್ತೊಂದು. ಯೂರೋಪಿನ ರಾಬಿನ್ ಎಂಬ ಕೆಂಪೆದೆಯ ಪುಟ್ಟ ಹಕ್ಕಿಯ ಹೆಸರನ್ನು ವಲಸೆ ಹೋದವರು ಅಮೆರಿಕದಲ್ಲಿ ಕಂಡ ಕೆಂಪೆದೆಯ ಬೇರೊಂದು ಹಕ್ಕಿಗೆ ಇಟ್ಟರು. ಪಕ್ಷಿಶಾಸ್ತ್ರಜ್ಞರು ಪ್ರತಿಯೊಂದು ಪ್ರಭೇದಕ್ಕೂ ಒಂದೊಂದೇ ಇಂಗ್ಲಿಷ್ ಹೆಸರನ್ನು ಗೊತ್ತುಮಾಡಿ ೨೦೦೬ರಲ್ಲಿ ಪಟ್ಟಿಯನ್ನು ಪ್ರಕಟಿಸಿದರು; ಅವರ ಪದ್ಧತಿಯಂತೆ ಹಕ್ಕಿಯ ಹೆಸರಿನ ಪದಗಳನ್ನು ದೊಡ್ಡಕ್ಷರದಿಂದ ಆರಂಭಿಸತಕ್ಕದ್ದು. ವಿಕಿಪೀಡಿಯದಲ್ಲಿ ಪಕ್ಷಿಗಳ ಲೇಖಕರು ಇದನ್ನೇ ಹಿಡಿದರು. ಉಳಿದವರು ಇದು ಸಾಮಾನ್ಯ ಬರವಣಿಗೆಗೆ ವಿರುದ್ಧವೆಂದರು. ಹಲವು ವರ್ಷಗಳ ಚರ್ಚೆಯ ಮೇಲೆ ೨೦೧೪ರಲ್ಲಿ ದೊಡ್ಡಕ್ಷರವನ್ನು ಬಿಡಬೇಕೆಂದು ತೀರ್ಮಾನವಾಯಿತು. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಲಿಪಿಯವರಿಗೆ ಈ ಜಗಳವು ವಿಚಿತ್ರವೆನಿಸಿದರೂ, ಅದರ ತಿರುಳು ವಿಚಿತ್ರವಲ್ಲ. ಶಾಸ್ತ್ರಜ್ಞರ ಸಮುದಾಯವು ತನ್ನೊಳಗೆ ಒಪ್ಪಿಕೊಂಡ ಬರವಣಿಗೆಯ ಕ್ರಮವು ಸಾಮಾನ್ಯ ಓದುಗರ ಗ್ರಂಥಕ್ಕೂ ಅನ್ವಯಿಸಬೇಕೇ ಎಂಬುದೇ ಅಲ್ಲಿದ್ದ ಪ್ರಶ್ನೆ.

ಶಾಸ್ತ್ರೀಯನಾಮವು ಸಹ ಎಲ್ಲ ಕಾಲದಲ್ಲಿಯೂ ಒಂದೇ ವಸ್ತುವನ್ನು ಸೂಚಿಸುವುದಿಲ್ಲ. ಸಸ್ಯಗಳ ಹೆಸರಿಗೂ ಪ್ರಾಣಿಗಳ ಹೆಸರಿಗೂ ಬೇರೆ ಬೇರೆ ನಿಯಮಾವಳಿಗಳಿರುವುದರಿಂದ, ಒಂದೇ ಶಬ್ದವು ಎರಡು ಕಡೆಯೂ ಸಲ್ಲಬಹುದು. ಅಶ್ವತ್ಥ, ಆಲ, ಅತ್ತಿಗಳ ಕುಲವು ಫೈಕಸ್. ಸಮುದ್ರದಲ್ಲಿರುವ ಒಂದು ಬಗೆಯ ಬಸವನಹುಳುವಿನ ಕುಲವೂ ಫೈಕಸ್. ಇಂಥ ಕಡೆಗಳಲ್ಲಿ ಒಂದೇ ಹೆಸರಿನ ಹಲವು ವಸ್ತುಗಳನ್ನು ಪಟ್ಟಿಮಾಡಿ, ಓದುಗನು ತನಗೆ ಬೇಕಾದುದನ್ನು ಆರಿಸಿಕೊಳ್ಳುವಂತೆ ಪ್ರತ್ಯೇಕ ಪುಟವನ್ನು ಇಡುತ್ತಾರೆ. ಕನ್ನಡ ವಿಕಿಪೀಡಿಯದಲ್ಲಿ ಇದಕ್ಕೆ ದ್ವಂದ್ವ ನಿವಾರಣೆಯೆಂದು ಹೆಸರು. ಒಂದೇ ವಸ್ತುವಿನ ಹಲವು ಹೆಸರುಗಳಲ್ಲಿ ಯಾವುದನ್ನು ಹುಡುಕಿದರೂ ಅದೇ ಲೇಖನಕ್ಕೆ ಕರೆದೊಯ್ಯುವ ಏರ್ಪಾಟಿಗೆ ಪುನರ್ನಿರ್ದೇಶನವೆಂದು ಹೆಸರು. ಮೊದಲನೆಯದು ಅಮರಕೋಶದ ನಾನಾರ್ಥ. ಎರಡನೆಯದು ಅದರ ಪರ್ಯಾಯ. ಲೇಖನಗಳನ್ನು ವಿಷಯಾನುಸಾರವಾಗಿ ಗುಂಪುಮಾಡುವ ಸೂಚಿಗೆ ಕನ್ನಡದಲ್ಲಿ ಇಟ್ಟಿರುವ ಹೆಸರಂತೂ ವರ್ಗವೆಂದೇ ಆಗಿದೆ. ಯಂತ್ರವು ಹೊಸದಾದರೂ, ಅದು ಮಾಡುವ ಮೂರು ಕೆಲಸಗಳೂ ಹಳೆಯ ನಿಘಂಟುಕಾರರಿಗೆ ಗೊತ್ತಿದ್ದ ಕೆಲಸಗಳೇ.

ವ್ಯತ್ಯಾಸವೂ ಒಂದುಂಟು. ಅಮರಕೋಶದಲ್ಲಿ ಆನೆಯು ಕ್ಷತ್ರಿಯವರ್ಗದಲ್ಲಿದ್ದರೆ ಸಿಂಹಾದಿವರ್ಗದಲ್ಲಿ ಇರಲಾರದು. ಶ್ಲೋಕಕ್ಕೆ ಒಂದೇ ಸ್ಥಾನ. ಅಂತರಜಾಲದ ಲೇಖನಕ್ಕೆ ಸ್ಥಾನದ ಕಟ್ಟುಪಾಡಿಲ್ಲದೆ ಇರುವುದರಿಂದ ಆನೆಯು ಸಸ್ತನಿಗಳ ವರ್ಗದಲ್ಲಿಯೂ, ಭಾರತದ ಪ್ರಾಣಿಗಳ ವರ್ಗದಲ್ಲಿಯೂ ಏಕಕಾಲದಲ್ಲಿ ಇರಬಹುದು. ಜೀವಿಯ ಶಾಸ್ತ್ರೀಯ ಸಂಬಂಧಗಳನ್ನು ಲೇಖನದ ಪಕ್ಕದ ಚೌಕಟ್ಟಿನಲ್ಲಿ ಮೇಲಿನಿಂದ ಕೆಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಕೊಡುತ್ತಾರೆ. ಹೀಗೆ ವರ್ಗೀಕರಣದ ಕೆಲಸವು ಬೇರೆ ಕಡೆ ನಡೆಯುವುದರಿಂದ ಶೀರ್ಷಿಕೆಯು ಆ ಭಾರವನ್ನು ಹೊರಬೇಕಾಗಿಲ್ಲ.

೬

ಹೆಸರಿನ ಬದಲಾವಣೆಯು ವಿದ್ವಾಂಸರ ಕೋಣೆಯಲ್ಲಿ ಮಾತ್ರ ಮುಗಿಯುವ ಸಂಗತಿಯಲ್ಲವೆಂಬುದಕ್ಕೆ ಜಾಲಿಮರವು ಸಾಕ್ಷಿ. ಅಕೇಸಿಯವೆಂಬ ಕುಲನಾಮವು ಆಫ್ರಿಕ ಮತ್ತು ಏಷ್ಯಗಳ ಮುಳ್ಳಿನ ಜಾಲಿಯಿಂದಲೇ ಹುಟ್ಟಿದ್ದು. ಕರಿಜಾಲಿಯು ಅಕೇಸಿಯ ನೈಲೋಟಿಕವೆಂದು ಬಹುಕಾಲ ಪ್ರಸಿದ್ಧವಾಗಿತ್ತು. ಈ ಕುಲವನ್ನು ಒಡೆಯಬೇಕೆಂದು ಶಾಸ್ತ್ರಜ್ಞರಿಗೆ ತೋರಿದಾಗ, ಸುಮಾರು ಒಂದು ಸಾವಿರ ಪ್ರಭೇದಗಳಿರುವ ಆಸ್ಟ್ರೇಲಿಯದ ಗುಂಪಿಗೆ ಹಳೆಯ ಹೆಸರು ಉಳಿಯಬೇಕೇ, ಮೂಲದ ಗುಂಪಿಗೆ ಉಳಿಯಬೇಕೇ ಎಂಬ ವಿವಾದವೆದ್ದಿತು. ೨೦೦೫ರಲ್ಲಿ ವಿಯೆನ್ನದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನವು ಆಸ್ಟ್ರೇಲಿಯದ ಪಕ್ಷವನ್ನು ಎತ್ತಿಹಿಡಿಯಿತು. ೨೦೧೧ರ ಮೆಲ್ಬರ್ನ್ ಸಮ್ಮೇಳನವು ಅದನ್ನು ಸ್ಥಿರಪಡಿಸಿತು. ಕರಿಜಾಲಿಯು ವಚೆಲಿಯ ಕುಲಕ್ಕೂ ಕಾಚಿನ ಮರವು ಸೆನೆಗಾಲಿಯ ಕುಲಕ್ಕೂ ಸೇರಿದುವು. ಹಳೆಯ ಗ್ರಂಥದಲ್ಲಿ ಅಕೇಸಿಯವೆಂದು ಓದಿದವನು ಹೊಸ ಕೋಶದಲ್ಲಿ ಅದೇ ಹೆಸರನ್ನು ಹುಡುಕಿದರೆ ಬೇರೊಂದು ಖಂಡದ ಮರಗಳ ನಡುವೆ ಹೋಗಿ ನಿಲ್ಲುವ ಸಂಭವವುಂಟು. ಹಳೆಯ ಹೆಸರಿನಿಂದ ಹೊಸದಕ್ಕೆ ದಾರಿಯನ್ನು ಉಳಿಸದಿದ್ದರೆ ಹಳೆಯ ಗ್ರಂಥಗಳ ತಿಳಿವಳಿಕೆಯೆಲ್ಲ ಅನಾಥವಾಗುತ್ತದೆ.

ಈ ಅಸ್ಥಿರತೆಗೆ ಪರಿಹಾರವಾಗಿ ೨೦೧೨ನೆಯ ಇಸವಿ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟವು ಹೆಸರನ್ನೇ ಬಿಟ್ಟು ಅಂಕಿಯನ್ನು ಹಿಡಿಯಿತು. ಅದರಲ್ಲಿ ಸಿಂಹಕ್ಕೆ ಕ್ಯೂ ೧೪೦ ಎಂಬ ಗುರುತು. ಕನ್ನಡ, ಇಂಗ್ಲಿಷ್, ಸ್ವಾಹಿಲಿ ಮೊದಲಾದ ಭಾಷೆಗಳ ಸಿಂಹದ ಲೇಖನಗಳೆಲ್ಲ ಆ ಒಂದು ಗುರುತಿಗೆ ತಗುಲಿಕೊಂಡಿರುತ್ತವೆ. ಲಿನೇಯಸನ ಅಂಚಿನ ಗುರುತು ಅರ್ಧಕ್ಕೆ ನಿಲ್ಲಿಸಿದ ಕೆಲಸವು ಇಲ್ಲಿ ಪೂರ್ಣವಾಯಿತು. ಈ ಅಂಕಿಯು ಯಾವ ಲಕ್ಷಣವನ್ನೂ ಹೇಳುವುದಿಲ್ಲ, ಯಾವ ಸಂಬಂಧವನ್ನೂ ಸೂಚಿಸುವುದಿಲ್ಲ. ಆದಕಾರಣ ಯಾವ ಅಭಿಪ್ರಾಯ ಬದಲಾದರೂ ಅದು ಬದಲಾಗಬೇಕಾಗಿಲ್ಲ. ಆದರೆ ಕ್ಯೂ ೧೪೦ ಎಂದು ಯಾವ ಮಗುವೂ ಸಿಂಹವನ್ನು ಕರೆಯದು. ಸ್ಥಿರತೆಯನ್ನು ಅಂಕಿಗೆ ಒಪ್ಪಿಸಿದ ಮೇಲೆ, ಶೀರ್ಷಿಕೆಯು ಓದುಗನ ಮಾತಿಗೆ ಹತ್ತಿರವಾಗಿರಲು ಯಾವ ಅಡ್ಡಿಯೂ ಉಳಿಯುವುದಿಲ್ಲವೆಂಬುದೇ ಇದರ ನಿಜವಾದ ಲಾಭ.

ಈ ಲಾಭವನ್ನು ಎಲ್ಲ ಭಾಷೆಗಳೂ ಪಡೆದುಕೊಂಡಿಲ್ಲ. ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ಎಂಬವರು ರಚಿಸಿದ ಯಂತ್ರಕ್ರಮವೊಂದು ಜೀವಿಗಳ ನಾಮಾವಳಿಗಳಿಂದ ಸಾಮಗ್ರಿಯನ್ನು ತೆಗೆದುಕೊಂಡು ತಾನೇ ಲಕ್ಷಗಟ್ಟಲೆ ಸಣ್ಣ ಲೇಖನಗಳನ್ನು ಬರೆಯಿತು. ಸ್ವೀಡಿಷ್ ವಿಕಿಪೀಡಿಯದ ಹತ್ತು ಲಕ್ಷದ ಲೇಖನವು ೨೦೧೩ರ ಜೂನ್ ತಿಂಗಳಿನಲ್ಲಿ ಹೀಗೆಯೇ ಹುಟ್ಟಿತು. ಅದು ಒಂದು ಚಿಟ್ಟೆಯನ್ನು ಕುರಿತದ್ದು, ಅದರ ಶೀರ್ಷಿಕೆ ಲ್ಯಾಟಿನ್ ಹೆಸರು. ಫಿಲಿಪೀನ್ಸಿನ ಸೆಬುವಾನೋ ಭಾಷೆಯ ವಿಕಿಪೀಡಿಯದಲ್ಲಿ ಲೇಖನಗಳ ಸಂಖ್ಯೆಯು ೫೦ ಲಕ್ಷವನ್ನು ಮೀರಿದೆ; ಅವುಗಳಲ್ಲಿ ಅತ್ಯಧಿಕ ಭಾಗವು ಯಂತ್ರದ ಬರಹ. ಆ ಭಾಷೆಯವರು ಆಡುವ ಗಿಡಮರಗಳ ಹೆಸರುಗಳು ಇಂಥ ಬರಹದಿಂದ ಒಂದಾದರೂ ಹೆ‍ಚ್ಚು ತಿಳಿದುಬರುವುದಿಲ್ಲ. ದಿದೆರೋವು ಅಗುವಾಶಿಮದ ಮುಂದೆ ನಿಂತು ಕೇಳಿದ ಪ್ರಶ್ನೆಯನ್ನು ಈ ಲಕ್ಷಾಂತರ ಪುಟಗಳಲ್ಲಿ ಪ್ರತಿಯೊಂದರ ಮುಂದೆಯೂ ಕೇಳಬಹುದಾಗಿದೆ.

೭

ಕನ್ನಡದ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ವಿಚಾರಮಾಡತಕ್ಕದ್ದು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಕನ್ನಡದ ಸಸ್ಯನಾಮಗಳ ಎದುರಿಗೆ ಶಾಸ್ತ್ರೀಯನಾಮಗಳನ್ನು ಕೊಟ್ಟಿರುವುದು ಸರ್ವವಿದಿತ. ಶಿವರಾಮ ಕಾರಂತರು ಬಾಲಪ್ರಪಂಚ, ವಿಜ್ಞಾನಪ್ರಪಂಚಗಳ ಮೂಲಕ ಜೀವಿಗಳ ವಿಷಯವನ್ನು ಕನ್ನಡಕ್ಕೆ ತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲನೆಯ ಸಂಪುಟವು ೧೯೬೯ರಲ್ಲಿ ಹೊರಬಂದಿತು. ಒಟ್ಟು ೧೪ ಸಂಪುಟಗಳು ಪ್ರಕಟವಾದುವು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯವು ಆರಂಭವಾಗಿ, ಈ ವಿಶ್ವಕೋಶದ ಲೇಖನಗಳಲ್ಲಿ ಅನೇಕವು ಮುಂದೆ ಅದರಲ್ಲಿ ಸೇರಿದುವು. ಆದುದರಿಂದ ಕನ್ನಡದ ಕೋಶವು ಬರಿಗೈಯಿಂದ ಆರಂಭವಾದುದಲ್ಲ.

ಆದರೂ ಶೀರ್ಷಿಕೆಯ ಪ್ರಶ್ನೆಯು ಉಳಿದಿದೆ. ಹೊನ್ನೆಯೆಂದರೆ ಮಲೆನಾಡಿನಲ್ಲಿ ಕೆಂಪು ರಸವನ್ನು ಸುರಿಸುವ, ಮರಮುಟ್ಟಿಗೂ ಔಷಧಕ್ಕೂ ಪ್ರಸಿದ್ಧವಾದ ಮರ. ಕರಾವಳಿಯಲ್ಲಿ ಬೀಜದಿಂದ ಎಣ್ಣೆ ತೆಗೆಯುವ ಸುರಹೊನ್ನೆಗೂ ಹೊನ್ನೆಯೆಂಬ ಹೆಸರುಂಟು. ಎರಡೂ ಬೇರೆ ಬೇರೆ ಕುಟುಂಬಗಳ ಮರಗಳು. ಹೊನ್ನೆಯೆಂಬ ಶೀರ್ಷಿಕೆಯನ್ನು ಒಂದಕ್ಕೇ ಕೊಟ್ಟು ಸುಮ್ಮನಾದರೆ, ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸಿ ಓದುಗನು ಕೇಡಿಗೆ ಒಳಗಾದಾನು; ಇಲ್ಲಿ ನಾನಾರ್ಥದ ಪುಟವು ಅತ್ಯವಶ್ಯ. ಇದಕ್ಕೆ ಪ್ರತಿಯಾಗಿ ಕಾಡುಕೋಣ, ಕಾಟಿ, ಕಾಡೆಮ್ಮೆ ಎಂಬವು ಒಂದೇ ಮೃಗದ ಹೆಸರುಗಳಾಗಿ ಪ್ರಾಂತಭೇದದಿಂದ ನಡೆಯುತ್ತವೆ. ಇಂಗ್ಲಿಷಿನಲ್ಲಿ ಅದನ್ನು ಇಂಡಿಯದ ಬೈಸನ್ ಎನ್ನುವ ರೂಢಿಯು ಶಾಸ್ತ್ರದೃಷ್ಟಿಯಿಂದ ತಪ್ಪು, ಏಕೆಂದರೆ ಬೈಸನ್ ಬೇರೆ ಪ್ರಾಣಿ. ಇಲ್ಲಿ ಬೇಕಾದುದು ಪರ್ಯಾಯ. ಮೂರರಲ್ಲಿ ಯಾವುದು ಶೀರ್ಷಿಕೆಯಾದರೂ ಮಿಕ್ಕೆರಡೂ ಲೇಖನದೊಳಗೆ ತಮ್ಮ ಪ್ರಾಂತದ ಉಲ್ಲೇಖದೊಡನೆ ಉಳಿಯತಕ್ಕದ್ದು. ಗ್ರಂಥದಲ್ಲಿ ಒಮ್ಮೆ ನಿಂತ ಶೀರ್ಷಿಕೆಯು ಪಾಠಪುಸ್ತಕಕ್ಕೂ ಪತ್ರಿಕೆಗೂ ಹರಡಿ, ಉಳಿದ ಹೆಸರುಗಳನ್ನು ಕಾಲಕ್ರಮದಲ್ಲಿ ಮರೆಸಿಬಿಡುವ ಶಕ್ತಿಯುಳ್ಳದ್ದೆಂಬುದನ್ನು ಮರೆಯಲಾಗದು.

ಇದಕ್ಕಿಂತ ಕಠಿನವಾದ ತೊಡಕು ಆಧಾರದ್ದು. ಅಂತರಜಾಲದ ವಿಶ್ವಕೋಶದಲ್ಲಿ ಬರಹಗಾರನ ಸ್ವಂತ ತಿಳಿವಳಿಕೆಗೆ ಪ್ರಾಮಾಣ್ಯವಿಲ್ಲ. ಪ್ರಕಟವಾದ ಆಧಾರ ಬೇಕು. ಯಾರು ಬೇಕಾದರೂ ಬರೆಯಬಹುದಾದ ಗ್ರಂಥಕ್ಕೆ ಈ ನಿಯಮವು ರಕ್ಷೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಗ್ಲಿಷಿನಲ್ಲಿ ಗಿಡಗಳ ಹೆಸರನ್ನು ಅಚ್ಚಿನಲ್ಲಿ ತೋರಿಸುವುದು ಸುಲಭ. ಕನ್ನಡದ ನಾಡಿನಲ್ಲಿ ಸೊಪ್ಪು ಕೀಳುವವರೂ ದನ ಮೇಯಿಸುವವರೂ ನಾಟಿವೈದ್ಯರೂ ಆಡುವ ಹೆಸರುಗಳಲ್ಲಿ ಬಹುಪಾಲು ಅಚ್ಚಿನ ಮುಖವನ್ನೇ ಕಂಡಿಲ್ಲ. ಅವು ಕೋಶದೊಳಗೆ ಬರಲಾರವು. ಅವುಗಳ ಸ್ಥಾನದಲ್ಲಿ ಇಂಗ್ಲಿಷ್ ಹೆಸರಿನ ಲಿಪ್ಯಂತರವೋ ಹೊಸದಾಗಿ ಕಟ್ಟಿದ ಸಂಸ್ಕೃತಪದವೋ ಬಂದು ಕೂರುತ್ತದೆ. ನಿಯಮದ ತಪ್ಪಿನಿಂದಲ್ಲ, ಆಧಾರದ ಅಭಾವದಿಂದ ಹೀಗಾಗುತ್ತಿದೆ.

ಈ ಅಭಾವವನ್ನು ನೀಗುವ ಸಾಮರ್ಥ್ಯವು ಕೋಶದ ಬರಹಗಾರರಿಗಿಂತ ಹೆಚ್ಚಾಗಿ ಭಾಷೆಯ ಅಧ್ಯಾಪಕರಿಗೂ ಸಂಶೋಧಕರಿಗೂ ಉಂಟು. ಒಂದೊಂದು ತಾಲ್ಲೂಕಿನ ಸಸ್ಯನಾಮಗಳನ್ನೂ ಪ್ರಾಣಿನಾಮಗಳನ್ನೂ, ಹೇಳಿದ ಊರು, ಬಳಸುವ ಸಮುದಾಯ, ಗಿಡದ ಚಿತ್ರ, ಸಸ್ಯಶಾಸ್ತ್ರಜ್ಞನು ಗೊತ್ತುಮಾಡಿದ ಶಾಸ್ತ್ರೀಯನಾಮ ಇವುಗಳೊಡನೆ ಸಂಗ್ರಹಿಸಿ ಸಂಶೋಧನ ಪತ್ರಿಕೆಗಳಲ್ಲಿ ಪ್ರಕಟಿಸಿದರೆ, ಅದು ನಾಳೆಯ ಕೋಶಕ್ಕೆ ಒಪ್ಪತಕ್ಕ ಪ್ರಮಾಣವಾಗುತ್ತದೆ. ವಾನ್ ರೀಡನ ಗ್ರಂಥದಲ್ಲಿ ಪೊಂಗಂ ಎಂಬ ಹೆಸರು ಉಳಿದುಕೊಂಡುದಕ್ಕೆ ಕಾರಣವಾದುದು ಇಟ್ಟಿ ಅಚ್ಯುತನು ಹೇಳಿದುದನ್ನು ಮರದ ಚಿತ್ರದ ಪಕ್ಕದಲ್ಲಿ ಬರೆದು ಅಚ್ಚುಹಾಕಿಸಿದ ಒಂದು ಕಾರ್ಯ. ಕನ್ನಡ ಜಿಲ್ಲೆಗಳ ಹೆಸರುಗಳಿಗೆ ಅದೇ ಕಾರ್ಯವು ಬಹುಮಟ್ಟಿಗೆ ಇನ್ನೂ ಆಗಬೇಕಾಗಿದೆ. ಆ ಹೆಸರುಗಳನ್ನು ಬಲ್ಲ ಹಿರಿಯರ ಪೀಳಿಗೆಯು ಇರುವಾಗಲೇ ಇದು ನಡೆಯುವುದು ಅವಶ್ಯ.